ತುಘಲಕ್ ಒಬ್ಬನೇ ಅಲ್ಲ, ದಿಲ್ಲಿ ಮೊದಲಿಂದಲೂ ಜಾಗ ಬದಲಾಯಿಸ್ತಾನೇ ಇತ್ತು

ನಮ್ ಕಡೆ ಆಫೀಸಲ್ಲಿ ಬಾಸ್ ಬೆಳಿಗ್ಗೆ ಒಂದು ಸಂಜೆ ಒಂದು ಆರ್ಡರ್ ಕೊಟ್ರೆ ಸಾಕು, "ಏನಪ್ಪಾ ಇದು ತುಘಲಕ್ ದರ್ಬಾರು" ಅಂತ ಬಾಯಿಗೆ ಬಂದ್ಬಿಡುತ್ತೆ. ಸ್ಕೂಲಲ್ಲಿ ಓದಿದ್ದು ಅಷ್ಟೇ ನೆನಪು: ಒಬ್ಬ ತಿಕ್ಕಲು ಸುಲ್ತಾನ ಇದ್ದ, ರಾಜಧಾನೀನ ದಿಲ್ಲಿಯಿಂದ ದೌಲತಾಬಾದಿಗೆ ಎತ್ಕೊಂಡು ಹೋದ, ಸರಿಹೋಗಲಿಲ್ಲ, ಮತ್ತೆ ವಾಪಸ್ ಬಂದ, ಎರಡು ಮಾರ್ಕ್ಸ್. ಆದ್ರೆ ದಿಲ್ಲಿಯ ಮಧ್ಯಕಾಲದ ಕಥೆ ಪೂರ್ತಿ ಓದಿದ್ರೆ ಒಂದು ತಮಾಷೆ ಗೊತ್ತಾಗುತ್ತೆ, ರಾಜಧಾನಿ ಬದಲಾಯಿಸೋದು ಅಲ್ಲಿ ಒಬ್ಬನ ಹುಚ್ಚಲ್ಲ, ಅದು ಆ ಊರಿನ ಚಾಳಿ. ಹೆಚ್ಚುಕಮ್ಮಿ ಪ್ರತಿ ದೊಡ್ಡ ಸುಲ್ತಾನನೂ ಹಳೇ ಊರು ಬಿಟ್ಟು ಪಕ್ಕದಲ್ಲಿ ಹೊಸ ಊರು ಕಟ್ಟಿದ್ದಾನೆ. ಬೇರೆಯವರು ನಾಲ್ಕೈದು ಮೈಲಿ ಆಚೆ ಹೋದ್ರು, ಮುಹಮ್ಮದ್ ಬಿನ್ ತುಘಲಕ್ ನಲವತ್ತು ದಿನದ ದಾರಿ ಹೋದ, ಅಷ್ಟೇ ವ್ಯತ್ಯಾಸ.

ಮೊದಲು ಮ್ಯಾಪ್ ಒಂದು ಸಲ ಕಣ್ಣಮುಂದೆ ತಂದ್ಕೊಳ್ಳಿ. ದಿಲ್ಲಿ ಒಂದು ತ್ರಿಕೋನ ಇದ್ದಂಗೆ. ಪೂರ್ವಕ್ಕೆ ಯಮುನಾ, ಪಶ್ಚಿಮಕ್ಕೂ ದಕ್ಷಿಣಕ್ಕೂ ಅರಾವಳಿ ಬೆಟ್ಟದ ಬಾಲ, ಅದನ್ನ ಅಲ್ಲಿ ರಿಡ್ಜ್ ಅಂತಾರೆ. ನಾವು ಈಗ ದಿಲ್ಲಿ ಅಂದ್ರೆ ಕೆಂಪುಕೋಟೆ, ಚಾಂದನಿ ಚೌಕ್ ಅನ್ಕೋತೀವಲ್ಲ, ಅದು ಷಾಜಹಾನ್ 1639ರಲ್ಲಿ ಶುರು ಮಾಡಿದ್ದು, ಈ ಕಥೇಲಿ ಅದು ತೀರಾ ಲೇಟಾಗಿ ಬಂದ ಮಗು. ಹಳೇ ದಿಲ್ಲಿ ನಿಜವಾಗಿ ಇದ್ದದ್ದು ದಕ್ಷಿಣದ ತುದೀಲಿ, ಈಗ ಮೆಟ್ರೋ ಯೆಲ್ಲೋ ಲೈನಲ್ಲಿ ಕುತುಬ್ ಮಿನಾರ್ ಸ್ಟೇಷನ್ ಇದೆಯಲ್ಲ ಆ ಮೆಹ್ರೌಲಿ ಕಡೆ, ಕಲ್ಲುಗುಡ್ಡದ ಮೇಲೆ. ನದಿಯಿಂದ ಅಷ್ಟು ದೂರ ಯಾಕೆ ಕಟ್ಟಿದ್ರು? ಎತ್ತರದ ಜಾಗ, ಕೋಟೆಗೆ ಕಲ್ಲು ಕಾಲಡೀನೇ ಸಿಗುತ್ತೆ, ಶತ್ರು ದೂರದಿಂದಲೇ ಕಾಣಿಸ್ತಾನೆ, ಯಮುನೆ ಉಕ್ಕಿದ್ರೂ ಮನೆಯೊಳಗೆ ನೀರು ಬರಲ್ಲ. ಎಲ್ಲಾ ಸರಿ, ಒಂದೇ ಪ್ರಾಬ್ಲಂ, ಕುಡಿಯೋಕೆ ನೀರಿಲ್ಲ. ಮುಂದಿನ ಇನ್ನೂರೈವತ್ತು ವರ್ಷದ ಓಡಾಟಕ್ಕೆ ಅರ್ಧ ಕಾರಣ ಇದೇನೇ. ಇನ್ನರ್ಧ ಕಾರಣ ಮನುಷ್ಯರು, ಅಂದ್ರೆ ಹಳೇ ರಾಜನ ಜನರನ್ನ ಹೊಸ ರಾಜ ನಂಬಲ್ಲ ಅನ್ನೋದು.

ಆ ಗುಡ್ಡದ ಮೇಲೆ ಮೊದಲು ಲಾಲ್ ಕೋಟ್ ಅಂತ ಕೋಟೆ ಕಟ್ಟಿದ್ದು ತೋಮರರು, 11ನೇ ಶತಮಾನದಲ್ಲಿ. ಆಮೇಲೆ ಚೌಹಾಣರ ಕೈಗೆ ಬಂತು, ಕೋಟೆ ದೊಡ್ಡದಾಯ್ತು, ಅದಕ್ಕೆ ರಾಯ್ ಪಿಥೋರಾ, ಅಂದ್ರೆ ಪೃಥ್ವಿರಾಜನ ಕೋಟೆ ಅಂತಾರೆ. ಪೃಥ್ವಿರಾಜ ಚೌಹಾಣ ಅಂದ್ರೆ ದಿಲ್ಲಿ ಅಂತ ನಮಗೆ ತಲೇಲಿ ಕೂತಿದೆ, ಆದ್ರೆ ಅವನ ನಿಜವಾದ ರಾಜಧಾನಿ ಅಜ್ಮೇರ್. 1192ರಲ್ಲಿ ತರಾಯಿನ್ ಯುದ್ಧದಲ್ಲಿ ಅವನು ಸೋತ, ಮುಹಮ್ಮದ್ ಘೋರಿಯ ಗುಲಾಮ ಕುತ್ಬುದ್ದೀನ್ ಐಬಕ್ ದಿಲ್ಲಿ ಹಿಡಿದ. ಅಲ್ಲಿ ಕಟ್ಟಿಸಿದ ಮಸೀದಿಗೆ 27 ದೇವಸ್ಥಾನದ ಸಾಮಗ್ರಿ ಬಳಸಿದೀವಿ ಅಂತ ಅದರ ಬಾಗಿಲ ಮೇಲಿನ ಶಾಸನದಲ್ಲೇ ಬರೆಸಿದ್ದಾರೆ, ಮುಚ್ಚಿಟ್ಟಿದ್ದೇನಿಲ್ಲ, ಕಂಬಗಳನ್ನ ನೋಡಿದ್ರೆ ಈಗಲೂ ಗಂಟೆ, ಸರಪಳಿ, ಮೂರ್ತಿ ಎಲ್ಲಾ ಕಾಣುತ್ತೆ. ಆದ್ರೆ ಐಬಕ್ ಸುಲ್ತಾನ ಆಗಿ ಕೂತಿದ್ದು ಲಾಹೋರಲ್ಲಿ, ಅಲ್ಲೇ 1210ರಲ್ಲಿ ಪೋಲೋ ಆಡುವಾಗ ಕುದುರೆಯಿಂದ ಬಿದ್ದು ಸತ್ತ. ದಿಲ್ಲಿಯನ್ನ ರಾಜಧಾನಿ ಮಾಡಿದ್ದು ಅವನ ಅಳಿಯ ಇಲ್ತುತ್‌ಮಿಶ್, 1211ರಿಂದ 1236.

ಇಲ್ತುತ್‌ಮಿಶ್ ಅಂದ್ರೆ ಎಲ್ಲರೂ ಕುತುಬ್ ಮಿನಾರ್ ಮುಗಿಸಿದವನು ಅಂತಾರೆ. ನನಗೆ ಅದಕ್ಕಿಂತ ದೊಡ್ಡ ಕೆಲಸ ಅನ್ಸೋದು ಅವನು ಸುಮಾರು 1230ರಲ್ಲಿ ಮೆಹ್ರೌಲಿ ಹತ್ರ ಕಟ್ಟಿಸಿದ ಕೆರೆ, ಹೌಜ್-ಎ-ಶಂಸಿ. ಪ್ರವಾದಿ ಕನಸಲ್ಲಿ ಬಂದು ಜಾಗ ತೋರಿಸಿದ್ರು, ಬೆಳಿಗ್ಗೆ ಹೋಗಿ ನೋಡಿದ್ರೆ ಅಲ್ಲಿ ಕುದುರೆ ಗೊರಸಿನ ಗುರುತಿತ್ತು ಅಂತ ಕಥೆ. ಕೆರೆ ಕಟ್ಟಿದ ಕಡೆಯೆಲ್ಲ ಒಂದು ಕನಸು ಅಥವಾ ಒಂದು ಬಲಿ ಇದ್ದೇ ಇರುತ್ತೆ ನೋಡಿ, ನಮ್ಮೂರ ಕೆರೆಗಳದ್ದೂ ಅದೇ ಕಥೆ. ಇದೇ ಟೈಮಲ್ಲಿ ಚೆಂಗೀಸ್ ಖಾನ್ ಮಧ್ಯ ಏಷ್ಯಾನ ಸುಟ್ಟು ಬೂದಿ ಮಾಡ್ತಿದ್ದ, 1221ರಲ್ಲಿ ಸಿಂಧೂ ನದಿ ತನಕ ಬಂದಿದ್ದ. ಬುಖಾರಾ, ಸಮರ್ಕಂದ್, ಖುರಾಸಾನ್ ಕಡೆಯಿಂದ ಪಂಡಿತರು, ಕುಶಲಕರ್ಮಿಗಳು, ಸೂಫಿಗಳು, ರಾಜಕುಮಾರರು ಎಲ್ಲಾ ಓಡಿ ಬಂದು ಸೇರಿದ್ದು ದಿಲ್ಲೀಲಿ. 1258ರಲ್ಲಿ ಬಾಗ್ದಾದೂ ಬಿತ್ತು, ಇನ್ನಷ್ಟು ಜನ ಬಂದ್ರು. ಅಂದ್ರೆ ದಿಲ್ಲಿ ದಿಢೀರ್ ದೊಡ್ಡದಾಗಿದ್ದು ಬೇರೆಯವರ ಊರು ಹಾಳಾಗಿದ್ದರಿಂದ.

ಜನ ಜಾಸ್ತಿ ಆದ್ರು, ನೀರು ಅಷ್ಟೇ ಇತ್ತು. ಬರನಿ ಅಂತ 14ನೇ ಶತಮಾನದ ಇತಿಹಾಸಕಾರ ಬರೀತಾನೆ, ಮೇವಾತದ ಕಡೆಯವರು ಊರಿನ ಪಕ್ಕದ ಕಾಡಿಂದ ಬಂದು ಹೌಜ್‌ನಿಂದ ನೀರು ಹೊರೋರನ್ನ, ನೀರಿಗೆ ಹೋಗೋ ಹೆಂಗಸರನ್ನ ಹಿಡಿದು ಬಟ್ಟೆ ಕಿತ್ಕೊಂಡು ಹೋಗ್ತಿದ್ರಂತೆ, ಹಂಗಾಗಿ ಮಧ್ಯಾಹ್ನದ ನಮಾಜ್ ಆದ್ಮೇಲೆ ಊರಿನ ಪಶ್ಚಿಮದ ಬಾಗಿಲು ಮುಚ್ಚಿಬಿಡೋರು. ಇದು ಒಂದು ಸಾಮ್ರಾಜ್ಯದ ರಾಜಧಾನಿ ಸ್ವಾಮಿ! 1266ರಲ್ಲಿ ಬಲ್ಬನ್ ಪಟ್ಟಕ್ಕೆ ಬಂದ ಮೇಲೆ ಮಾಡಿದ ಮೊದಲ ಕೆಲಸದಲ್ಲಿ ಒಂದು ಆ ಕಾಡು ಕಡಿಸಿದ್ದು, ಜೊತೆಗೆ ಆ ಜನರನ್ನೂ ನಿರ್ದಯವಾಗಿ ಕೊಲ್ಲಿಸಿದ್ದು.

ಇದೇ ಬಲ್ಬನ್ ಕಾಲದ್ದು ಒಂದು ಸಂಸ್ಕೃತ ಶಾಸನ ಇದೆ, ಈಗ ಏರ್‌ಪೋರ್ಟ್ ಇರೋ ಪಾಲಂದು, 1276ರ ಆಸುಪಾಸು. ಠಾಕೂರ್ ಉದ್ಧರ ಅನ್ನೋನು ಬಾವಿ ಕಟ್ಟಿಸಿ ಹಾಕಿಸಿದ್ದು. ಈ ಭೂಮಿಯನ್ನ ಮೊದಲು ತೋಮರರು ಆಳಿದ್ರು, ಆಮೇಲೆ ಚೌಹಾಣರು, ಈಗ ಶಕರು ಆಳ್ತಿದಾರೆ ಅಂತ ಆರಾಮಾಗಿ ಲಿಸ್ಟ್ ಕೊಟ್ಟು, ತುರ್ಕರನ್ನ ಶಕರು ಅಂತ ಕರೆದು, ಬಲ್ಬನ್ ಭೂಮಿ ನೋಡ್ಕೋತಿರೋದ್ರಿಂದ ವಿಷ್ಣು ಚಿಂತೆ ಬಿಟ್ಟು ಹಾಲಿನ ಸಮುದ್ರದಲ್ಲಿ ನಿದ್ದೆ ಮಾಡ್ತಿದಾನೆ ಅಂತ ಹೊಗಳುತ್ತೆ. ಊರಿನ ಹೆಸರು ಅದರಲ್ಲಿ ಢಿಲ್ಲಿ. ದೆಹಲಿ ಸರಿನಾ ದಿಲ್ಲಿ ಸರಿನಾ ಅಂತ ಕಿತ್ತಾಡೋರಿಗೆ ಹೇಳಿದೆ ಅಷ್ಟೇ.

ಈಗ ಎರಡನೇ ಕಾರಣಕ್ಕೆ ಬರೋಣ. 1290ರಲ್ಲಿ ಜಲಾಲುದ್ದೀನ್ ಖಲ್ಜಿ ಸುಲ್ತಾನ ಆದ, ಆದ್ರೆ ದಿಲ್ಲಿ ಊರೊಳಗೆ ಕಾಲಿಡೋಕೆ ಅವನಿಗೇ ಧೈರ್ಯ ಇರಲಿಲ್ಲ, ಯಾಕಂದ್ರೆ ಎಂಬತ್ತು ವರ್ಷದಿಂದ ತುರ್ಕರ ಮನೆತನಗಳನ್ನ ನೋಡಿದ್ದ ಊರಿನ ಜನ ಖಲ್ಜಿಗಳನ್ನ ಒಪ್ಪಲಿಲ್ಲ. ಹಂಗಾಗಿ ಅವನು ಯಮುನಾ ದಂಡೆಯ ಕಿಲೋಖರಿ ಅರಮನೇಲೇ ಉಳಿದ, ಅಮೀರರಿಗೆ, ಅಂದ್ರೆ ಆಸ್ಥಾನದ ಸರದಾರರಿಗೆ, ಅಲ್ಲೇ ಮನೆ ಕಟ್ಕೊಳ್ಳಿ ಅಂದ, ಬಜಾರ್ ಬಂತು, ಜನ ಅದನ್ನ ಹೊಸ ಊರು ಅಂತ ಕರೆದ್ರು. ಇದು ಮುಂದಿನ ಎಲ್ಲಾ ಊರುಗಳಿಗೂ ಮಾದರಿ. ಹಳೇ ಊರಲ್ಲಿ ಹಳೇ ಅಮೀರರ ಹವೇಲಿ, ಅವರ ನೆಂಟಸ್ತಿಕೆ, ಅವರ ಆಳುಕಾಳು, ಯಾವ ಗಲ್ಲಿ ತಿರುಗಿದ್ರೂ ಅವರ ಕಣ್ಣು. ಹೊಸ ಸುಲ್ತಾನನಿಗೆ ಅವನದೇ ಜನ ಬೇಕು, ಆ ಜನಕ್ಕೆ ಸೈಟು ಬೇಕು. ಹೊಸ ಲೇಔಟ್ ಮಾಡೋದೇ ಸುಲಭ.

ಜಲಾಲುದ್ದೀನನ್ನ ಕೊಲ್ಲಿಸಿ ಬಂದ ಅಣ್ಣನ ಮಗ ಅಲಾವುದ್ದೀನ್ (1296ರಿಂದ 1316) ಕಥೆಗೆ ಬೇರೆ ತಿರುವು. 1303ರಲ್ಲಿ ಅವನು ಚಿತ್ತೋಡ್ ಗೆದ್ದು ಸುಸ್ತಾಗಿ ವಾಪಸ್ ಬಂದಿದ್ದ, ಇನ್ನೊಂದು ಸೈನ್ಯ ವಾರಂಗಲ್ ಕಡೆ ಹೋಗಿ ಕೈಸುಟ್ಕೊಂಡಿತ್ತು, ಅದೇ ಹೊತ್ತಿಗೆ ತರ್ಘಿ ಅನ್ನೋ ಮಂಗೋಲ್ ಸೇನಾಪತಿ ದೊಡ್ಡ ದಂಡು ಕಟ್ಕೊಂಡು ದಿಲ್ಲಿ ಬಾಗಿಲಿಗೇ ಬಂದ. ಅಲಾವುದ್ದೀನ್ ಹಳೇ ಊರಿನ ಹೊರಗೆ ಸಿರಿ ಅನ್ನೋ ಬಯಲಲ್ಲಿ ಕಂದಕ ತೋಡಿ ಸುಮಾರು ಎರಡು ತಿಂಗಳು ಕೂತ. ಕೊನೆಗೆ ಮಂಗೋಲರೇ ಬೇಜಾರಾಗಿ ಹೊರಟುಹೋದ್ರು. ಬಚಾವಾದ್ಮೇಲೆ ಅದೇ ಜಾಗದಲ್ಲಿ ಕೋಟೆ ಕಟ್ಟಿದ, ಅದೇ ಸಿರಿ ಕೋಟೆ. ಮಂಗೋಲರ ತಲೆ, ಅಂದ್ರೆ 'ಸರ್', ಅಡಿಪಾಯಕ್ಕೆ ಹಾಕಿದ್ದಕ್ಕೆ ಸಿರಿ ಅನ್ನೋ ಹೆಸರು ಬಂತು ಅಂತ ಗೈಡುಗಳು ಹೇಳ್ತಾರೆ, ಆದ್ರೆ ಹೆಸರು ಕೋಟೆಗಿಂತ ಮುಂಚೆನೇ ಇತ್ತಲ್ಲ. ಆ ಊರಿಗೆ ನೀರಿಗಂತ ಕಟ್ಟಿಸಿದ ಕೆರೆನೇ ಹೌಜ್ ಖಾಸ್, ಈಗ ದಿಲ್ಲಿ ಹುಡುಗರು ವೀಕೆಂಡ್ ಕಾಫಿ ಕುಡಿಯೋಕೆ ಹೋಗ್ತಾರಲ್ಲ ಅದೇ.

ಅಲಾವುದ್ದೀನನ ರೇಟ್ ಕಂಟ್ರೋಲ್ ಬಗ್ಗೆ ಕೇಳಿರ್ತೀರಿ. ಅದನ್ನ ಬಡವರ ಮೇಲಿನ ಕರುಣೆ ಅಂತಲೋ ಹುಚ್ಚು ಅಂತಲೋ ಹೇಳೋದಕ್ಕಿಂತ ಲೆಕ್ಕ ನೋಡಿದ್ರೆ ಅರ್ಥ ಆಗುತ್ತೆ. ಮಂಗೋಲರನ್ನ ತಡೆಯೋಕೆ ದೊಡ್ಡ ಖಾಯಂ ಸೈನ್ಯ ಬೇಕು, ಸಂಬಳ ನಗದು, ಒಬ್ಬ ಕುದುರೆ ಸವಾರನಿಗೆ ವರ್ಷಕ್ಕೆ 234 ಟಂಕ (ಬೆಳ್ಳಿ ನಾಣ್ಯ). ಇದಕ್ಕಿಂತ ಜಾಸ್ತಿ ಕೊಟ್ರೆ ಖಜಾನೆ ಖಾಲಿ, ಇಷ್ಟರಲ್ಲೇ ಅವನು ಬದುಕಬೇಕು ಅಂದ್ರೆ ದಿನಸಿ ರೇಟು ಏರಬಾರದು. ಹಂಗಾಗಿ ಗೋಧಿ ಮಣಕ್ಕೆ ಏಳೂವರೆ ಜೀತಲ್ (ಚಿಲ್ಲರೆ ನಾಣ್ಯ), ಅಕ್ಕಿ ಐದು, ಬಾರ್ಲಿ ನಾಲ್ಕು ಅಂತ ಫಿಕ್ಸ್ ಮಾಡಿ, ಸರ್ಕಾರಿ ಉಗ್ರಾಣ ಕಟ್ಟಿ, ಮಂಡಿಗೆ ಒಬ್ಬ ಅಧಿಕಾರಿ ಹಾಕಿ, ಗೂಢಚಾರರನ್ನ ಬಿಟ್ಟ, ತೂಕದಲ್ಲಿ ಮೋಸ ಮಾಡಿದ್ರೆ ಅಷ್ಟೇ ತೂಕದ ಮಾಂಸ ಅಂಗಡಿಯವನ ಮೈಯಿಂದ ಕೊಯ್ಯೋದು. ಊರು ತಿಂದದ್ದಕ್ಕೆ ದುಡ್ಡು ಕೊಟ್ಟೋರು ಸುತ್ತಲಿನ ರೈತರು, ಬೆಳೆಯಲ್ಲಿ ಅರ್ಧ ಕಂದಾಯ. ಸಾಲದ್ದಕ್ಕೆ ದಕ್ಷಿಣದ ಲೂಟಿ. 1311ರಲ್ಲಿ ಮಲಿಕ್ ಕಾಫೂರ್ ದೋರಸಮುದ್ರಕ್ಕೆ, ಅಂದ್ರೆ ನಮ್ಮ ಹಳೇಬೀಡಿಗೆ ಬಂದದ್ದು ಇದೇ ಲೆಕ್ಕಾಚಾರದ ಒಂದು ಭಾಗ. ಮೂರನೇ ಬಲ್ಲಾಳ ಆನೆ, ಕುದುರೆ, ಧನ ಕೊಟ್ಟು ರಾಜ್ಯ ಉಳಿಸ್ಕೊಂಡ, ಮಗನನ್ನ ದಿಲ್ಲಿಗೆ ಕಳಿಸಬೇಕಾಯ್ತು, ಆ ಹುಡುಗ 1313ರಲ್ಲಿ ವಾಪಸ್ ಬಂದ.

1320ರಲ್ಲಿ ಖಲ್ಜಿಗಳು ಮುಗಿದ್ರು, ಘಿಯಾಸುದ್ದೀನ್ ತುಘಲಕ್ ಬಂದ. ಅವನೂ ಮಾಡಿದ್ದು ಅದೇ, ಹೊಸ ಊರು! ತುಘಲಕಾಬಾದ್, ನಾಲ್ಕೇ ವರ್ಷದಲ್ಲಿ ಎದ್ದ ದೈತ್ಯ ಕೋಟೆ, ಗೋಡೆ ಸುತ್ತಳತೆ ಆರೂವರೆ ಕಿಲೋಮೀಟರ್. ಬಿಸಿಲಲ್ಲಿ ಅದರ ಮೇಲೆ ನಿಂತ್ರೆ ಇಲ್ಲಿ ಯಾರು ಹೆಂಗೆ ಬದುಕಿದ್ರಪ್ಪ ಅನ್ಸುತ್ತೆ, ಉತ್ತರ ಏನಂದ್ರೆ ಹೆಚ್ಚು ದಿನ ಯಾರೂ ಬದುಕಲಿಲ್ಲ. ಕೆಲವೇ ವರ್ಷಕ್ಕೆ ಖಾಲಿ ಆಯ್ತು, ಮುಖ್ಯ ಕಾರಣ ನೀರು ಅಂತಾರೆ. ಜನರ ಬಾಯಲ್ಲಿರೋ ಕಾರಣ ಬೇರೆ, ನಿಜಾಮುದ್ದೀನ್ ಔಲಿಯಾ ಶಾಪ. ಸೂಫಿ ಬಾವಿ ತೋಡಿಸ್ತಿದ್ರು, ಸುಲ್ತಾನ ಕೂಲಿಯವರನ್ನೆಲ್ಲ ಕೋಟೆ ಕೆಲಸಕ್ಕೆ ಎಳೆದ, ಅವರು ರಾತ್ರಿ ದೀಪ ಹಚ್ಕೊಂಡು ಬಾವಿ ತೋಡಿದ್ರು, ಎಣ್ಣೆ ಮಾರಬಾರದು ಅಂತ ಆರ್ಡರ್ ಆಯ್ತು, ಆಗ ಶಿಷ್ಯ ನಸೀರುದ್ದೀನ್ ಬಾವಿ ನೀರಲ್ಲೇ ದೀಪ ಉರಿಸಿದ್ರು, ಅದಕ್ಕೇ ಅವರು ಚಿರಾಗ್ ದಿಲ್ಲಿ, ದಿಲ್ಲಿಯ ದೀಪ. ಈ ಊರಲ್ಲಿ ಗುಜ್ಜರರು ದನ ಮೇಯಿಸಲಿ ಇಲ್ಲಾ ಹಾಳು ಬೀಳಲಿ ಅಂತ ಔಲಿಯಾ ಅಂದ್ರಂತೆ. ಬಂಗಾಳದಿಂದ ಸುಲ್ತಾನ ವಾಪಸ್ ಬರ್ತಿದಾನೆ, ಓಡಿಹೋಗಿ ಅಂತ ಭಕ್ತರು ಹೇಳಿದಾಗ "ದಿಲ್ಲಿ ಇನ್ನೂ ದೂರ" ಅಂದಿದ್ದೂ ಅವರೇ ಅಂತ ಪ್ರತೀತಿ. 1325ರಲ್ಲಿ ಊರ ಹೊರಗೆ ಸ್ವಾಗತಕ್ಕೆ ಕಟ್ಟಿದ ಮಂಟಪ ಕುಸಿದು ಸುಲ್ತಾನ ಸತ್ತ, ಅದಂತೂ ನಿಜ. ಈ ಕಥೇಲೂ ಜಗಳ ಬಾವಿಗೇ ಆಗಿದ್ದು ಗಮನಿಸಿ.

ಈಗ ನಮ್ಮ ದರ್ಬಾರಿನ ಹೀರೋ. ಮುಹಮ್ಮದ್ ಬಿನ್ ತುಘಲಕ್ ಮೊದಲು ದಿಲ್ಲೀಲೇ ಕೆಲಸ ಮಾಡಿದ, ಹಳೇ ದಿಲ್ಲಿಗೂ ಸಿರಿಗೂ ಮಧ್ಯೆ ಜನ ತಾವಾಗೇ ಮನೆ ಕಟ್ಕೊಂಡಿದ್ದ ಜಾಗಕ್ಕೆ ಗೋಡೆ ಸುತ್ತಿಸಿ ಜಹಾಂಪನಾ ಅಂತ ಹೆಸರಿಟ್ಟ. ಆ ಗೋಡೇಲಿ ಸತ್‌ಪುಲಾ ಅಂತ ಕಮಾನಿನ ತೂಬು ಕಟ್ಟೆ ಇದೆ, ಹಳ್ಳದ ನೀರು ತಡೆದು ಕೆರೆ ಮಾಡಿ ಹೊಲಕ್ಕೆ ಬಿಡೋ ವ್ಯವಸ್ಥೆ. 1334ರಲ್ಲಿ ಬಂದ ಮೊರಾಕೋದ ಇಬ್ನ್ ಬತೂತಾ ದಿಲ್ಲಿ ಅಂದ್ರೆ ನಾಲ್ಕು ಊರು ಅಕ್ಕಪಕ್ಕ ಅಂತ ಬರೆದಿದ್ದು ಇದನ್ನೇ ನೋಡಿ: ದಿಲ್ಲಿ, ಸಿರಿ, ತುಘಲಕಾಬಾದ್, ಜಹಾಂಪನಾ. ನಾಲ್ಕಕ್ಕೂ ಸೇರಿ ಒಂದೇ ಗೋಡೆ ಕಟ್ಟಬೇಕು ಅನ್ನೋ ಪ್ಲಾನೂ ಇತ್ತಂತೆ, ಖರ್ಚು ನೋಡಿ ಅರ್ಧಕ್ಕೆ ಬಿಟ್ಟ.

ಹಾಗಾದ್ರೆ ದೌಲತಾಬಾದ್ ಯಾಕೆ? ಇದರ ಕಿಡಿ ಹತ್ತಿದ್ದು ನಮ್ಮ ಕರ್ನಾಟಕದಲ್ಲಿ. ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಸುಲ್ತಾನನ ಸೋದರ ಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್ ಅಧಿಕಾರಿ ಆಗಿದ್ದ, ದಂಗೆ ಎದ್ದ, ಸೋತ, ಕಂಪಿಲಿಗೆ ಓಡಿದ. ಕಂಪಿಲಿ ರಾಯ ಆಶ್ರಯ ಕೊಟ್ಟು ರಾಜ್ಯ, ಪ್ರಾಣ ಎರಡೂ ಕಳ್ಕೊಂಡ. ಅಲ್ಲಿಂದ ದೋರಸಮುದ್ರಕ್ಕೆ ಓಡಿದವನನ್ನ ಬಲ್ಲಾಳ ಹಿಡಿದು ಒಪ್ಪಿಸಿಬಿಟ್ಟ, ಅವನಿಗೆ 1311 ಮರೆತಿರಲಿಲ್ಲ ಅನ್ಸುತ್ತೆ. ಗುರ್ಷಾಸ್ಪನ ಚರ್ಮ ಸುಲಿಸಿದ್ರು. ಇಷ್ಟೆಲ್ಲ ಆಗಿದ್ದು 1327ರ ಹೊತ್ತಿಗೆ, ದೌಲತಾಬಾದ್ ತೀರ್ಮಾನನೂ ಅದೇ ಹೊತ್ತಿಗೆ. ಮಧುರೈ ತನಕ ರಾಜ್ಯ ಹಬ್ಬಿದೆ, ದಿಲ್ಲಿಗೆ ಸುದ್ದಿ ಮುಟ್ಟೋ ಅಷ್ಟರಲ್ಲಿ ದಂಗೆ ಹಳೇದಾಗಿರುತ್ತೆ, ಮಧ್ಯದಲ್ಲಿ ಒಂದು ಗಟ್ಟಿ ಕೇಂದ್ರ ಬೇಕು. ದೌಲತಾಬಾದ್ ಅಂದ್ರೆ ಯಾದವರ ಹಳೇ ದೇವಗಿರಿನೇ, ಅದಕ್ಕಿಂತ ಗಟ್ಟಿ ಕೋಟೆ ಎಲ್ಲಿದೆ. ಐಡಿಯಾ ಕೆಟ್ಟದೇನಲ್ಲ, ಮಾಡಿದ ರೀತಿ ಕೆಟ್ಟದು.

ಊರಲ್ಲಿ ಒಂದು ಬೆಕ್ಕು ನಾಯಿನೂ ಉಳೀಲಿಲ್ಲ ಅಂತಾನೆ ಬರನಿ. ಕುರುಡನೊಬ್ಬನನ್ನ ಎಳ್ಕೊಂಡು ಹೋದ್ರು, ದೌಲತಾಬಾದ್ ಮುಟ್ಟಿದ್ದು ಅವನ ಕಾಲು ಮಾತ್ರ ಅಂತಾನೆ ಇಬ್ನ್ ಬತೂತಾ, ಆದ್ರೆ ಅವನು ದಿಲ್ಲಿಗೆ ಬಂದಿದ್ದೇ ಆರೇಳು ವರ್ಷ ಆದ್ಮೇಲೆ, ಕೇಳಿದ ಕಥೆ. 1328ರ ಒಂದು ಸಂಸ್ಕೃತ ಶಾಸನ ಸಿಕ್ಕಿದೆ, ವ್ಯಾಪಾರಿಗಳ ಮನೆತನ ಬಾವಿ ತೋಡಿಸಿದ್ದು, ಭೂಮಿ ಮೇಲಿನ ಸ್ವರ್ಗದಂಥ ಹರಿಯಾಣ ದೇಶದಲ್ಲಿ ತೋಮರರು ಕಟ್ಟಿದ ಢಿಲ್ಲಿಕಾ ಅಂತ ವರ್ಣನೆ. ಊರು ಸ್ಮಶಾನ ಆಗಿದ್ರೆ ಯಾರು ಬಾವಿ ತೋಡಿಸ್ತಾರೆ? ಟಂಕಸಾಲೆನೂ ನಡೀತಾನೇ ಇತ್ತು. ಹಂಗಾಗಿ ಈಗ ಹೆಚ್ಚಿನ ಇತಿಹಾಸಕಾರರು ಹೇಳೋದು, ಹೋಗಿದ್ದು ಊರಿಗೆ ಊರೇ ಅಲ್ಲ, ಅಮೀರರು, ಉಲೇಮಾಗಳು (ಧರ್ಮಪಂಡಿತರು), ಸೂಫಿಗಳು, ಅವರ ಮನೆಮಂದಿ, ಆಳುಕಾಳು. ಹಾಗಂತ ಅವರ ಕಷ್ಟ ಸುಳ್ಳಲ್ಲ. ಇಸಾಮಿ ಅನ್ನೋ ಕವಿಯ ತಾತನಿಗೆ ಆಗ ತೊಂಬತ್ತು ವರ್ಷ, ಮನೆಬಿಟ್ಟು ಹೊರಗೇ ಬರದ ಮುದುಕ, ಅವರನ್ನೂ ಹೊರಡಿಸಿದ್ರು. ದಿಲ್ಲಿಯಿಂದ ಮೊದಲನೇ ಮಜಲು ತಿಲ್‌ಪತ್, ಅಲ್ಲೇ ತೀರ್ಕೊಂಡ್ರು. ಬರೆದಿಟ್ಟ ಬರನಿ, ಇಸಾಮಿಯಂಥವರು ಹೋದವರ ವರ್ಗದೋರೇ, ಅದಕ್ಕೇ ಅವರಿಗೆ ಇಡೀ ಊರೇ ಹೋದಂಗೆ ಕಂಡಿತ್ತು.

ಆಮೇಲೆ ಬೆಳ್ಳಿ ಬದಲು ತಾಮ್ರದ ನಾಣ್ಯ ಹೊರಡಿಸಿದ ಫಜೀತಿ, ಬರ, ಗಂಗಾ ತೀರದಲ್ಲಿ ಸ್ವರ್ಗದ್ವಾರಿ ಅಂತ ಇನ್ನೊಂದು ತಾತ್ಕಾಲಿಕ ರಾಜಧಾನಿ, ಎಲ್ಲಾ ಆಯ್ತು. 1335ರ ಹೊತ್ತಿಗೆ ಮಧುರೈ ಕೈತಪ್ಪಿತ್ತು, ಬೇಕಾದವರು ದಿಲ್ಲಿಗೆ ವಾಪಸ್ ಹೋಗಬಹುದು ಅಂದ. 1336ಕ್ಕೆ ತುಂಗಭದ್ರೆ ದಡದಲ್ಲಿ ವಿಜಯನಗರ. ಮುಂದೆ ಆ ರಾಯರು 'ಹಿಂದೂರಾಯ ಸುರತ್ರಾಣ' ಅಂತ ಬಿರುದು ಹಾಕ್ಕೊಂಡ್ರು, ಸುರತ್ರಾಣ ಅಂದ್ರೆ ಸುಲ್ತಾನ ಅನ್ನೋದರ ಸಂಸ್ಕೃತ ವೇಷ. 1347ರಲ್ಲಿ ದೌಲತಾಬಾದಿನಲ್ಲೇ ಬಹಮನಿ ರಾಜ್ಯ ಹುಟ್ಟಿತು, ಅದರ ರಾಜಧಾನಿ ಬೇಗನೆ ಕಲಬುರಗಿಗೆ ಬಂತು.

ದಿಲ್ಲಿ ಕೊನೆಗೂ ನದಿ ಹತ್ರ ಇಳಿದದ್ದು ಫಿರೋಜ್ ಷಾ ತುಘಲಕ್ ಕಾಲದಲ್ಲಿ, 1354ರಲ್ಲಿ, ಯಮುನಾ ದಂಡೆ ಮೇಲೆ ಫಿರೋಜಾಬಾದ್ ಕಟ್ಟಿದಾಗ. ಅದರ ಕೋಟೆನೇ ಫಿರೋಜ್ ಷಾ ಕೋಟ್ಲಾ, 1999ರಲ್ಲಿ ನಮ್ಮ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದ ಗ್ರೌಂಡಿಗೆ ಹೆಸರು ಕೊಟ್ಟಿದ್ದು. ಕೋಟೆ ಮೇಲೆ ಅಶೋಕನ ಕಂಬ ಇದೆ, ಟೋಪ್ರಾ ಅನ್ನೋ ಊರಿಂದ ರೇಷ್ಮೆಹತ್ತಿ ಹಾಸಿಗೆ ಮೇಲೆ ಮಲಗಿಸಿ, 42 ಚಕ್ರದ ಗಾಡೀಲಿ ಎಳೆಸಿ, ದೋಣೀಲಿ ತೇಲಿಸಿ ತಂದದ್ದು, ಮೇಲಿನ ಬರಹ ಓದೋಕೆ ಮಾತ್ರ ಒಬ್ಬನಿಗೂ ಬರಲಿಲ್ಲ. ಫಿರೋಜ್ ಕಾಲುವೆ ತೋಡಿಸಿದ, ಹಳೇ ಕೆರೆಗಳ ರಿಪೇರಿ ಮಾಡಿಸಿದ. ಅವನೇ ಬರೆದಿಟ್ಟಿದ್ದಾನೆ: ಹೌಜ್-ಎ-ಶಂಸಿಗೆ ನೀರು ಬರೋ ದಾರೀನ ಯಾರೋ ಕಟ್ಟಿ ಮುಚ್ಚಿದ್ರು, ಹೌಜ್ ಖಾಸ್ ಹೂಳು ತುಂಬಿ ಒಣಗಿ ಜನ ಅದರೊಳಗೆ ಉತ್ತು ಬಿತ್ತಿದ್ರು, ಸಾಲದ್ದಕ್ಕೆ ಬಾವಿ ತೋಡಿ ಆ ನೀರನ್ನ ದುಡ್ಡಿಗೆ ಮಾರ್ತಿದ್ರು. ರಾಜಕಾಲುವೆ ಒತ್ತುವರಿ, ಕೆರೆ ಒತ್ತುವರಿ, ಟ್ಯಾಂಕರ್ ದಂಧೆ, ಮೂರೂ ಒಂದೇ ಪುಟದಲ್ಲಿ. ಬೆಂಗಳೂರಲ್ಲಿ ಇದನ್ನ ಓದೋವಾಗ ನಗಬೇಕೋ ಅಳಬೇಕೋ ಗೊತ್ತಾಗಲ್ಲ.

1398ರ ಡಿಸೆಂಬರಲ್ಲಿ ತೈಮೂರ್ ಬಂದ. ಊರು ಲೂಟಿ ಆಯ್ತು, ಕಗ್ಗೊಲೆ ಆಯ್ತು, ಕಲ್ಲುಕುಟಿಗರನ್ನ, ಕುಶಲಕರ್ಮಿಗಳನ್ನ ಆರಿಸಿ ಸಮರ್ಕಂದಿಗೆ ಎಳ್ಕೊಂಡು ಹೋದ. ಆಮೇಲೆ ಸಯ್ಯದರು, ಲೋದಿಗಳು ಚಿಕ್ಕ ದಿಲ್ಲಿಯನ್ನ ಆಳಿದ್ರು, ಹೆಚ್ಚಾಗಿ ಗೋರಿಗಳನ್ನ ಕಟ್ಟಿದ್ರು, ಸಿಕಂದರ್ ಲೋದಿ 16ನೇ ಶತಮಾನದ ಶುರುವಿನಲ್ಲಿ ಇದರ ಸಹವಾಸನೇ ಬೇಡ ಅಂತ ಆಗ್ರಾಕ್ಕೆ ಹೋದ. ಅವನನ್ನ ಯಾರೂ ತಿಕ್ಕಲು ಅನ್ನಲಿಲ್ಲ.

ಈ ಎಲ್ಲಾ ಓಡಾಟ ಒಬ್ಬ ಮನುಷ್ಯನ ಆಯಸ್ಸಲ್ಲೇ ಸಿಗುತ್ತೆ. ಸಯ್ಯದ್ ಮುಹಮ್ಮದ್ ಹುಸೈನಿ ಅಂತ, ಹುಟ್ಟಿದ್ದು ದಿಲ್ಲೀಲಿ, 1321ರಲ್ಲಿ, ತುಘಲಕಾಬಾದ್ ಗೋಡೆ ಏಳ್ತಿದ್ದ ವರ್ಷ. ಏಳೆಂಟು ವರ್ಷದ ಹುಡುಗ ಆಗಿದ್ದಾಗ ಅಪ್ಪ ಅಮ್ಮನ ಜೊತೆ ದೌಲತಾಬಾದಿಗೆ ಹೋಗಬೇಕಾಯ್ತು, ಅಪ್ಪ ಅಲ್ಲೇ ತೀರ್ಕೊಂಡ್ರು, ಹದಿಹರೆಯದಲ್ಲಿ ದಿಲ್ಲಿಗೆ ವಾಪಸ್, ಅಲ್ಲಿ ಅದೇ ಚಿರಾಗ್ ದಿಲ್ಲಿ ನಸೀರುದ್ದೀನರ ಶಿಷ್ಯ ಆದ್ರು. ತೈಮೂರ್ ಬಂದಾಗ ವಯಸ್ಸು 77, ಎರಡನೇ ಸಲ ಊರು ಬಿಟ್ರು. ಗ್ವಾಲಿಯರ್, ಗುಜರಾತ್ ದಾಟಿ, ಅಪ್ಪನ ಸಮಾಧಿ ಇದ್ದ ದೌಲತಾಬಾದ್ ಕಡೆ ಹೋಗಿ, ಅಲ್ಲಿಂದ ಬಹಮನಿ ಫಿರೋಜ್ ಷಾ ಕರೆದ ಅಂತ ಕಲಬುರಗಿಗೆ ಬಂದ್ರು, 1422ರಲ್ಲಿ ನೂರು ದಾಟಿ ಅಲ್ಲೇ ಮಣ್ಣಾದ್ರು. ನಾವು ಅವರನ್ನ ಬಂದೇ ನವಾಜ್ ಅಂತೀವಿ. ಕಲಬುರಗಿ ದರ್ಗಾದ ಮುಂದಿನ ಅಂಗಡೀಲಿ ಈಗಲೂ ಕೇಳೋ ದಖನಿ ಮಾತು ಇಂಥ ಜನ ದಿಲ್ಲಿಯಿಂದ ಹೊತ್ತು ತಂದದ್ದರ ಮುಂದುವರಿಕೆ, ಏನಾದ್ರೂ ಬೇಡ ಅನ್ನೋಕೆ ಅವರು ಹೇಳೋ "ನಕ್ಕೋ" ಮಾತ್ರ ದಿಲ್ಲೀದಲ್ಲ, ದಾರೀಲಿ ಸಿಕ್ಕಿದ ಮರಾಠಿದು.